ಮಕ್ಕಳ ಕುತ್ತಿಗೆ ಗಂಟು ಮತ್ತು ಟಿಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮುಖ್ಯವಾಗಿ ಭಾರತದಲ್ಲಿ ಬೆಳೆಯುತ್ತಿರುವ ಮಕ್ಕಳ ಬಗ್ಗೆ. ತಿಂಗಳುಗಟ್ಟಲೆ ಉಳಿಯುವ ಕುತ್ತಿಗೆ ಗಂಟಿಗೆ ಟಿಬಿ ಕಾರಣ ಇರಬಹುದು. ಟಿಬಿಯದೇ ಕುಲದ ಬೇರೆ ಬ್ಯಾಕ್ಟೀರಿಯಾ ಇರಬಹುದು. ಎಳೆ ಮಗುವಾದರೆ ಬಿಸಿಜಿ ಲಸಿಕೆಯೇ ಕಾರಣ ಇರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಅದಕ್ಕೇ ಈ ಪುಟದಲ್ಲಿ ಮಾತ್ರೆಗಿಂತ ಪರೀಕ್ಷೆಯ ಮಾತು ಜಾಸ್ತಿ ಇದೆ. ಇದನ್ನು ಓದಿಕೊಂಡು ಯಾರೂ ತಾವೇ ಔಷಧಿ ಶುರು ಮಾಡಬೇಡಿ.

ಮಗಳ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದೆ. ಟಿಬಿನಾ?

ಬಹಳಷ್ಟು ಸಲ ಅಲ್ಲ. ಮಕ್ಕಳ ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಗಂಟುಗಳು ಇರುವುದು ಮಾಮೂಲು. ಗಂಟಲು ನೋವು, ಕಿವಿ ಸೋರುವುದು, ಹುಳುಕು ಹಲ್ಲು, ತಲೆಯಲ್ಲಿ ಹೇನು ಅಥವಾ ಕಜ್ಜಿ – ಇವುಗಳಲ್ಲಿ ಯಾವುದು ಇದ್ದರೂ ಹತ್ತಿರದ ಗ್ರಂಥಿ ಊದುತ್ತದೆ. ಕತ್ತಿನ ಹಿಂಭಾಗದಲ್ಲಿ ಗಂಟು ಇದ್ದರೆ ಮೊದಲು ತಲೆ ಬಾಚಿ ನೋಡಿ. ಹೇನಿನ ಔಷಧಿಯಲ್ಲೇ ಮುಗಿದುಹೋಗುವ ಗಂಟುಗಳು ಎಷ್ಟೋ ಇವೆ.

ಹಾಗಾದರೆ ಯಾವ ಗಂಟಿಗೆ ಯೋಚನೆ ಮಾಡಬೇಕು?

2 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದು 2 ವಾರ ಕಳೆದರೂ ಇಳಿಯದಿದ್ದರೆ. ಡಾಕ್ಟರ್ ಸಾಮಾನ್ಯ ಆಂಟಿಬಯಾಟಿಕ್ ಅನ್ನು ಏಳೆಂಟು ದಿನ ಕೊಟ್ಟ ಮೇಲೂ ಹಾಗೇ ಉಳಿದಿದ್ದರೆ. ನೋವು ಹೆಚ್ಚಿಲ್ಲ, ಮುಟ್ಟಿದರೆ ಬಿಸಿ ಇಲ್ಲ, ನಿಧಾನವಾಗಿ ಬೆಳೆಯುತ್ತಿದೆ, ಎರಡು ಮೂರು ಗಂಟುಗಳು ಒಂದಕ್ಕೊಂದು ಅಂಟಿಕೊಂಡಂತಿವೆ – ಇವೆಲ್ಲ ಟಿಬಿ ಗಂಟಿನ ಲಕ್ಷಣ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ಟಿಬಿ ಆಗಿದ್ದರೆ ಅನುಮಾನ ಇನ್ನೂ ಗಟ್ಟಿ. ಮಗುವಿಗೆ ಜ್ವರ ಇರಬಹುದು, ಇಲ್ಲದೆಯೂ ಇರಬಹುದು. ಆಟ ಆಡಿಕೊಂಡು, ಊಟ ಮಾಡಿಕೊಂಡು ಇರುವ ಮಗುವಿಗೂ ಗಂಟಿನ ಟಿಬಿ ಇರುತ್ತದೆ. ‘ಮಗು ಚೆನ್ನಾಗೇ ಇದ್ದಾಳಲ್ಲ’ ಎಂದು ಮುಂದೂಡುವುದು ಇದೇ ಕಾರಣಕ್ಕೆ.

ಕೆಲವಕ್ಕೆ 2 ವಾರವೂ ಕಾಯಬಾರದು. ಕಲ್ಲಿನಷ್ಟು ಗಟ್ಟಿಯಾದ, ಅಲುಗಾಡದ ಗಂಟು. ಕಾಲರ್ ಮೂಳೆಯ ಮೇಲಿನ ಗಂಟು. ಬೇಗ ಬೇಗ ಬೆಳೆಯುವ ಗಂಟು. ಮಲಗಿದರೆ ಉಸಿರು ಕಟ್ಟುವುದು. ಮೈಮೇಲೆ ರಕ್ತದ ಚುಕ್ಕೆಗಳು. ಇಲ್ಲಿ ಟಿಬಿಯ ಜೊತೆ ಲಿಂಫೋಮಾ (ಗ್ರಂಥಿಯ ಕ್ಯಾನ್ಸರ್), ರಕ್ತದ ಕ್ಯಾನ್ಸರ್ ಇಲ್ಲ ಎಂಬುದನ್ನೂ ಬೇಗ ಖಚಿತ ಮಾಡಿಕೊಳ್ಳಬೇಕು.

ಕೆಮ್ಮೇ ಇಲ್ಲ. ಕುತ್ತಿಗೆಗೆ ಟಿಬಿ ಹೇಗೆ ಬಂತು?

ಶ್ವಾಸಕೋಶದ ಟಿಬಿ ಇರುವ ಯಾರೋ ದೊಡ್ಡವರು ಕೆಮ್ಮಿದಾಗ ಗಾಳಿಗೆ ಸೇರಿದ ಬ್ಯಾಕ್ಟೀರಿಯಾ ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಸಣ್ಣ ಗಾಯ ಮಾಡಿ, ಅಲ್ಲಿಂದ ಗ್ರಂಥಿಗಳಿಗೆ ಹರಿಯುತ್ತದೆ. ಎಷ್ಟೋ ಮಕ್ಕಳಲ್ಲಿ ಶ್ವಾಸಕೋಶದ ಗಾಯ ತಾನೇ ಒಣಗಿ, ಗ್ರಂಥಿಯಲ್ಲಿ ಮಾತ್ರ ರೋಗ ಉಳಿದಿರುತ್ತದೆ. ಮಕ್ಕಳಲ್ಲಿ ಶ್ವಾಸಕೋಶದ ಹೊರಗೆ ಬರುವ ಟಿಬಿಯಲ್ಲಿ ತೀರಾ ಸಾಮಾನ್ಯವಾದದ್ದು ಗ್ರಂಥಿಯ ಟಿಬಿಯೇ, ಅದರಲ್ಲೂ ಕುತ್ತಿಗೆಯದು. ಹಸುವಿನ ಟಿಬಿ ಹಸಿ ಹಾಲಿನಿಂದ ಬರುವುದೂ ಉಂಟು. ನಮ್ಮಲ್ಲಿ ಹಾಲು ಉಕ್ಕುವ ತನಕ ಕಾಯಿಸುವ ರೂಢಿ ಇರುವುದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ‘ಹಸಿ ಹಾಲು ಆರೋಗ್ಯಕ್ಕೆ ಒಳ್ಳೆಯದು’ ಎನ್ನುವ ಹೊಸ ಶೋಕಿಗೆ ಮಕ್ಕಳನ್ನು ಬಿಡಬೇಡಿ.

ಹಳಬರು ಇದನ್ನು ಗಂಡಮಾಲೆ ಎನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ರಾಜ ಅಥವಾ ರಾಣಿ ಮುಟ್ಟಿದರೆ ಇದು ವಾಸಿಯಾಗುತ್ತದೆ ಎಂದು ಶತಮಾನಗಟ್ಟಲೆ ನಂಬಿದ್ದರು. ಮುಂದೆ ನಿಘಂಟು ಬರೆದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು 1712ರಲ್ಲಿ, ಎರಡೂವರೆ ವರ್ಷದ ಮಗುವಾಗಿದ್ದಾಗ, ರಾಣಿ ಆ್ಯನ್ ಮುಟ್ಟಿದ್ದಳು. ಗಂಟು ಹೋಗಲಿಲ್ಲ. ಕುತ್ತಿಗೆಯ ಕಲೆ ಅವನ ಜೊತೆ ಕೊನೆವರೆಗೂ ಉಳಿಯಿತು.

ಹುಟ್ಟಿದಾಗಲೇ ಬಿಸಿಜಿ ಹಾಕಿಸಿದ್ದೇವಲ್ಲ?

ಬಿಸಿಜಿ ಎಳೆ ಮಕ್ಕಳನ್ನು ಮೆದುಳಿನ ಟಿಬಿ, ಮೈಯೆಲ್ಲ ಹರಡುವ ಟಿಬಿಯಿಂದ ಚೆನ್ನಾಗಿ ಕಾಪಾಡುತ್ತದೆ. ಉಳಿದ ಟಿಬಿಯ ವಿಷಯದಲ್ಲಿ ಅಷ್ಟು ಭರವಸೆ ಇಲ್ಲ. ತೋಳಿನ ಮೇಲೆ ಬಿಸಿಜಿ ಕಲೆ ಇದೆ ಅಂದ ಮಾತ್ರಕ್ಕೆ ಟಿಬಿ ಅಲ್ಲ ಎಂದು ಹೇಳಲು ಬರುವುದಿಲ್ಲ.

ರಕ್ತ ಪರೀಕ್ಷೆಯಲ್ಲೇ ಗೊತ್ತಾಗಲ್ವಾ?

ಇಲ್ಲ. ರಕ್ತದಲ್ಲಿ ಟಿಬಿ ಆ್ಯಂಟಿಬಾಡಿ ನೋಡುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ, ಏಕೆಂದರೆ ಅವು ತಪ್ಪು ಉತ್ತರ ಕೊಡುತ್ತಿದ್ದವು. ಇಎಸ್ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ ಜಾಸ್ತಿ ಇದೆ ಎಂದರೆ ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಅರ್ಥ. ‘ಇಎಸ್ಆರ್ 60 ಬಂದಿದೆ, ಟಿಬಿ ಮಾತ್ರೆ ಶುರು ಮಾಡೋಣ’ ಎಂದು ಯಾರಾದರೂ ಹೇಳಿದರೆ, ಗಂಟಿನಿಂದ ಸ್ಯಾಂಪಲ್ ಯಾವಾಗ ತೆಗೆಯುತ್ತೀರಿ ಎಂದು ವಿನಯವಾಗಿಯೇ ಕೇಳಿ.

ಮಾಂಟೂ ಪರೀಕ್ಷೆಯೂ ಅರ್ಧ ಉತ್ತರವೇ. ಮುಂಗೈಗೆ ಚುಚ್ಚಿ, 48ರಿಂದ 72 ಗಂಟೆಯೊಳಗೆ ಗಟ್ಟಿಯಾದ ಉಬ್ಬನ್ನು ಅಳೆಯುತ್ತಾರೆ. ಕೆಂಪಾದ ಜಾಗವನ್ನಲ್ಲ, ಉಬ್ಬನ್ನು. 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. ಟಿಬಿ ಬ್ಯಾಕ್ಟೀರಿಯಾ ಯಾವಾಗಲೋ ಮೈಸೇರಿದೆ ಎಂದು ಅದು ಹೇಳುತ್ತದೆ, ಈ ಗಂಟು ಟಿಬಿಯೇ ಎಂದು ಹೇಳುವುದಿಲ್ಲ. ಅಪೌಷ್ಟಿಕತೆ ಇರುವ ಮಗುವಿನಲ್ಲಿ ರೋಗ ಇದ್ದರೂ ನೆಗೆಟಿವ್ ಬರಬಹುದು.

ಸೂಜಿ ಚುಚ್ಚಿದರೆ ರೋಗ ಮೈಗೆಲ್ಲ ಹರಡುತ್ತಂತೆ, ನಿಜವಾ?

ಸುಳ್ಳು. ಈ ಒಂದು ಭಯದಿಂದ ಹಾಳಾದಷ್ಟು ಚಿಕಿತ್ಸೆ ಬೇರೆ ಯಾವುದರಿಂದಲೂ ಹಾಳಾಗಿಲ್ಲ ಎಂದು ನನ್ನ ಅನಿಸಿಕೆ. ಎಫ್ಎನ್ಎಸಿ ಎಂದರೆ ರಕ್ತ ತೆಗೆಯುವಂಥದ್ದೇ ಸಣ್ಣ ಸೂಜಿಯನ್ನು ಗಂಟಿಗೆ ಚುಚ್ಚಿ ಒಂದಿಷ್ಟು ಜೀವಕೋಶ, ದ್ರವ ಎಳೆಯುವುದು. ಹೊಲಿಗೆ ಇಲ್ಲ, ಅಡ್ಮಿಟ್ ಆಗಬೇಕಿಲ್ಲ. ತೀರಾ ಚಿಕ್ಕ ಮಕ್ಕಳು ಹೆದರಿ ಅಲುಗಾಡುವುದರಿಂದ ಅಮ್ಮನೋ ನರ್ಸೋ ಹಿಡಿದುಕೊಳ್ಳಬೇಕಾಗುತ್ತದೆ, ಅಷ್ಟೇ. ಗಂಟು ಆಳದಲ್ಲಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುತ್ತಾರೆ.

ಸೂಜಿಯಲ್ಲಿ ಉತ್ತರ ಸಿಗದಿದ್ದರೆ ಇನ್ನೊಮ್ಮೆ ಮಾಡಬಹುದು, ಅಥವಾ ಅರಿವಳಿಕೆ ಕೊಟ್ಟು ಇಡೀ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಬಹುದು. ಲಿಂಫೋಮಾ ಅನುಮಾನ ಇದ್ದರಂತೂ ಇಡೀ ಗಂಟೇ ಬೇಕು.

ಸ್ಯಾಂಪಲನ್ನು ನಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಒಯ್ಯಿ ಎಂದರು. ನಾವು ಏನು ನೋಡಿಕೊಳ್ಳಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಒಂದೇ ಸ್ಯಾಂಪಲ್ ಎರಡು ಕಡೆ ಹೋಗಬೇಕು. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡುವ ಪೆಥಾಲಜಿಗೆ ಒಂದು ಭಾಗ, ಬ್ಯಾಕ್ಟೀರಿಯಾ ಹುಡುಕುವ ಮೈಕ್ರೋಬಯಾಲಜಿಗೆ ಇನ್ನೊಂದು ಭಾಗ. ಪೆಥಾಲಜಿಗೆ ಹೋಗುವ ಬಯಾಪ್ಸಿ ತುಣುಕನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರಲ್ಲಿ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಆಗುವುದಿಲ್ಲ. ಮೈಕ್ರೋಬಯಾಲಜಿಗೆ ಹೋಗುವ ಭಾಗ ಸಲೈನ್‌ನಲ್ಲಿ, ಶುದ್ಧ ಬಾಟಲಿಯಲ್ಲಿ ಇರಬೇಕು. ಇಡೀ ಗಂಟನ್ನು ತೆಗೆದು ಒಂದೇ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ, ಮಗು ಆಪರೇಷನ್ ಅನುಭವಿಸಿಯೂ ಯಾವ ಔಷಧಿ ಕೆಲಸ ಮಾಡುತ್ತದೆ ಎಂಬ ಮುಖ್ಯ ಪ್ರಶ್ನೆಗೆ ಉತ್ತರ ಸಿಗದೆ ಹೋಗುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಕೇಳಿ (ಸಿಬಿನ್ಯಾಟ್ ಎಂದರೆ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಪರೀಕ್ಷೆ): ‘ಸಾರ್, ಸಿಬಿನ್ಯಾಟ್ ಮತ್ತು ಕಲ್ಚರ್‌ಗೆ ಸಲೈನ್‌ನಲ್ಲಿ ಬೇರೆ ತೆಗೆದಿಡುತ್ತೀರಾ?’ ಎರಡು ಬಾಟಲಿ ಇದೆಯಾ, ಎರಡರ ಮೇಲೂ ಮಗುವಿನ ಹೆಸರು, ಯಾವ ಗಂಟು ಎಂದು ಬರೆದಿದೆಯಾ ನೋಡಿ. ದಾರಿಯಲ್ಲಿ ಬಿಸಿಲಿಗೆ ಇಡಬೇಡಿ, ನಾಳೆ ಕೊಟ್ಟರಾಯಿತು ಎಂದು ತಡ ಮಾಡಬೇಡಿ.

ಇನ್ನೊಂದು ವಿಷಯ. ಸ್ಯಾಂಪಲ್ ತೆಗೆಯುವ ಮೊದಲು ಲಿವೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಬೇಡ. ಅದು ಟಿಬಿ ಬ್ಯಾಕ್ಟೀರಿಯಾವನ್ನು ಅರ್ಧಂಬರ್ಧ ಕೊಂದು ರೋಗವನ್ನು ಮರೆಮಾಚುತ್ತದೆ. ಸ್ಟೀರಾಯ್ಡ್ ಸಹ ಬೇಡ, ಲಿಂಫೋಮಾ ಇದ್ದರೆ ಅದು ಗಂಟನ್ನು ತಾತ್ಕಾಲಿಕವಾಗಿ ಕರಗಿಸಿ ದಾರಿ ತಪ್ಪಿಸುತ್ತದೆ.

ರಿಪೋರ್ಟ್ ಬಂತು. ಏನೇನೋ ಬರೆದಿದೆ, ಅರ್ಥವೇನು?

‘ಗ್ರಾನ್ಯುಲೋಮಾ’, ‘ಕೇಸಿಯಸ್ ನೆಕ್ರೋಸಿಸ್’ ಎಂದಿದ್ದರೆ ಟಿಬಿಯಲ್ಲಿ ಕಾಣುವ ಬದಲಾವಣೆ ಇದೆ ಎಂದರ್ಥ. ಆದರೆ ಇದೇ ಚಿತ್ರ ಬೇರೆ ಮೈಕೋಬ್ಯಾಕ್ಟೀರಿಯಾದಲ್ಲೂ (ಟಿಬಿಯದೇ ಕುಲದ ಬ್ಯಾಕ್ಟೀರಿಯಾ) ಕಾಣುತ್ತದೆ. ‘ಎಎಫ್‌ಬಿ ಪಾಸಿಟಿವ್’ ಎಂದರೆ ಆ ಕುಲದ ಬ್ಯಾಕ್ಟೀರಿಯಾ ಕಣ್ಣಿಗೆ ಬಿದ್ದಿದೆ. ಯಾವುದು ಎಂದು ಅದರಿಂದ ಗೊತ್ತಾಗುವುದಿಲ್ಲ.

ಸಿಬಿನ್ಯಾಟ್ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುತ್ತದೆ. ಯಂತ್ರ ಸುಮಾರು 2 ಗಂಟೆಯಲ್ಲಿ ಟಿಬಿ ಇದೆಯೇ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎರಡನ್ನೂ ಹೇಳುತ್ತದೆ. ಗೋವಾದ ಕಂಪನಿ ತಯಾರಿಸುವ ಟ್ರೂನ್ಯಾಟ್ ಕೂಡ ಇದೇ ಬಗೆಯದು, ಸಣ್ಣ ಊರುಗಳಲ್ಲೂ ಸಿಗುತ್ತದೆ. ಕಲ್ಚರ್ ನಿಧಾನ: ದ್ರವ ಮಾಧ್ಯಮದಲ್ಲಿ 6 ವಾರದವರೆಗೆ ಕಾಯುತ್ತಾರೆ. ನಿಧಾನವಾದರೂ ಅದು ಬೇಕು. ಗಂಟಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ಸಿಬಿನ್ಯಾಟ್‌ಗೆ ಸಿಗದೆ ಕಲ್ಚರ್‌ನಲ್ಲಿ ಸಿಗುವುದುಂಟು.

ಎಎಫ್‌ಬಿ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್ ಬಂದರೆ ಒಳ್ಳೆಯ ಡಾಕ್ಟರ್ ಹುಬ್ಬೇರಿಸುತ್ತಾರೆ. ಅದು ಟಿಬಿಯಲ್ಲದ ಮೈಕೋಬ್ಯಾಕ್ಟೀರಿಯಾ ಇರಬಹುದು.

ಎಲ್ಲ ಪರೀಕ್ಷೆಯೂ ನೆಗೆಟಿವ್. ಆದರೂ ಟಿಬಿ ಚಿಕಿತ್ಸೆ ಕೊಡೋಣ ಅನ್ನುತ್ತಾರೆ. ಒಪ್ಪಬಹುದಾ?

ಕೆಲವು ಸಲ ಒಪ್ಪಬೇಕಾಗುತ್ತದೆ. ಗ್ರಾನ್ಯುಲೋಮಾ ಇದೆ, ಮಾಂಟೂ ಪಾಸಿಟಿವ್, ಮನೆಯಲ್ಲಿ ತಾತನಿಗೆ ಹೋದ ವರ್ಷ ಟಿಬಿ ಆಗಿತ್ತು – ಇಂಥ ಕಡೆ ಬ್ಯಾಕ್ಟೀರಿಯಾ ಸಿಗದಿದ್ದರೂ ಚಿಕಿತ್ಸೆ ಕೊಡುವುದು ಸರಿಯೇ. ಪರೀಕ್ಷೆ ಮಾಡಿ ನೆಗೆಟಿವ್ ಬರುವುದು ಬೇರೆ, ಪರೀಕ್ಷೆಯನ್ನೇ ಮಾಡದಿರುವುದು ಬೇರೆ. ಗ್ರಾನ್ಯುಲೋಮಾನೂ ಇಲ್ಲ, ಸಂಪರ್ಕವೂ ಇಲ್ಲ ಎಂದಾದರೆ ‘ಸುಮ್ನೆ ಕೊಟ್ಟು ನೋಡೋಣ’ ಬೇಡ. ಬಯಾಪ್ಸಿ ಕೇಳಿ. ಎಲ್ಲ ಮಕ್ಕಳಿಗೂ ಎದೆ ಎಕ್ಸ್‌ರೇ ಮತ್ತು ಎಚ್ಐವಿ ಪರೀಕ್ಷೆ ಮಾಡುತ್ತಾರೆ. ಎಚ್ಐವಿ ಎಂದ ಕೂಡಲೇ ಗಾಬರಿ ಬೇಡ, ಟಿಬಿ ಇರುವ ಎಲ್ಲರಿಗೂ ಅದು ನಿಯಮ.

ಚಿಕಿತ್ಸೆ ಎಷ್ಟು ತಿಂಗಳು? ಯಾವ ಮಾತ್ರೆ?

ಮಾಮೂಲು ಔಷಧಿಗೆ ಬಗ್ಗುವ ಟಿಬಿಯಾದರೆ ನಮ್ಮಲ್ಲಿ 6 ತಿಂಗಳು, ದಿನಾ. ಮೊದಲ 2 ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲಿನ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಮಕ್ಕಳಿಗೆ ನೀರಿನಲ್ಲಿ ಕರಗುವ ಮಾತ್ರೆ ಇದೆ. ಮೊದಲ ಮೂರು ಔಷಧಿ ಒಂದೇ ಮಾತ್ರೆಯಲ್ಲಿ, ಎಥಾಂಬುಟಾಲ್ ಬೇರೆ. 4–7 ಕೆಜಿಗೆ 1, 8–11 ಕೆಜಿಗೆ 2, 12–15 ಕೆಜಿಗೆ 3, 16–24 ಕೆಜಿಗೆ 4 ಮಾತ್ರೆ ಎಂದು ಲೆಕ್ಕ. ಇದನ್ನು ಇಲ್ಲಿ ಬರೆದದ್ದು ನೀವೇ ಕೊಡಲಿ ಎಂದಲ್ಲ. ಚಿಕಿತ್ಸೆ ಶುರುವಾದ ಮೇಲೆ ಮಕ್ಕಳ ತೂಕ ಏರುತ್ತದೆ, ತೂಕ ಏರಿದರೆ ಮಾತ್ರೆಯೂ ಬದಲಾಗಬೇಕು. ತಿಂಗಳಿಗೊಮ್ಮೆ ತೂಕ ಹಾಕಿಸಿ, ‘ಡೋಸ್ ಸರಿ ಇದೆಯಾ’ ಎಂದು ಕೇಳಿ.

4 ತಿಂಗಳ ಚಿಕಿತ್ಸೆಯ ಸುದ್ದಿಯನ್ನೂ ಕೆಲವರು ಓದಿರುತ್ತೀರಿ. ಚೆನ್ನೈ ಮತ್ತು ಪುಣೆಯ ಮಕ್ಕಳೂ ಭಾಗವಹಿಸಿದ್ದ ಶೈನ್ ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಭಾರತದ ಜೊತೆ ಆಫ್ರಿಕಾದ ಮೂರು ದೇಶಗಳ ಮಕ್ಕಳೂ ಸೇರಿ ಒಟ್ಟು 1204 ಮಕ್ಕಳು. ತೀವ್ರವಲ್ಲದ ಟಿಬಿಗೆ, ಅದರಲ್ಲಿ ಕುತ್ತಿಗೆ ಗಂಟೂ ಸೇರಿ, 4 ತಿಂಗಳು ಕೊಟ್ಟರೂ 6 ತಿಂಗಳಿನಷ್ಟೇ ಒಳ್ಳೆಯ ಫಲ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದೆ. ಆದರೆ ಯಾವ ಮಗುವಿಗೆ ಅದು ಹೊಂದುತ್ತದೆ ಎಂದು ಡಾಕ್ಟರ್ ಹೇಳಬೇಕು. ನಾಲ್ಕನೇ ತಿಂಗಳಿಗೆ ನೀವೇ ನಿಲ್ಲಿಸುವಂತಿಲ್ಲ.

ಮೂತ್ರ ಕಿತ್ತಳೆ ಬಣ್ಣ ಬರುತ್ತಿದೆ!

ರಿಫಾಂಪಿಸಿನ್ ಬಣ್ಣ ಅದು. ರಕ್ತ ಅಲ್ಲ. ಬೆವರು, ಕಣ್ಣೀರಿಗೂ ಬಣ್ಣ ಬರಬಹುದು.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಡುವುದು ಒಳ್ಳೆಯದು. ವಾಂತಿ ಮಾಡಿಕೊಳ್ಳುವ ಮಗುವಿಗೆ ಸ್ವಲ್ಪ ತಿಂಡಿ ಕೊಟ್ಟು ಕೊಡಿ, ತಪ್ಪಿಸುವುದಕ್ಕಿಂತ ಅದು ಮೇಲು. ಆದರೆ ಬಿಡದ ವಾಂತಿ, ಊಟ ಸೇರದಿರುವುದು, ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ, ಲಿವರ್‌ಗೆ ತೊಂದರೆ ಆಗಿರಬಹುದು. ಕಣ್ಣು ಮಂಜು, ಬಣ್ಣ ಗುರುತಿಸಲು ಕಷ್ಟ ಎಂದು ಮಗು ಹೇಳಿದರೆ ಎಥಾಂಬುಟಾಲ್ ಬಗ್ಗೆ ಕೇಳಬೇಕು. ಸರಿಯಾದ ಡೋಸ್‌ನಲ್ಲಿ ಇದು ಅಪರೂಪ.

2 ತಿಂಗಳು ಮಾತ್ರೆ ತಗೊಂಡ ಮೇಲೆ ಗಂಟು ಇನ್ನೂ ದೊಡ್ಡದಾಗಿದೆ. ಔಷಧಿ ಕೆಲಸ ಮಾಡ್ತಿಲ್ವಾ?

ಅಪ್ಪ-ಅಮ್ಮ ಆಸ್ಪತ್ರೆ ಬದಲಾಯಿಸುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಸ್ವಲ್ಪ ತಡೆಯಿರಿ. ಗಂಟಿನ ಟಿಬಿಯಲ್ಲಿ ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಗಂಟು ಊದುವುದು, ಪಕ್ಕದಲ್ಲಿ ಹೊಸ ಗಂಟು ಏಳುವುದು, ಕೀವು ತುಂಬುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಸಾಯುತ್ತಿರುವ ಬ್ಯಾಕ್ಟೀರಿಯಾದ ಚೂರುಗಳ ಮೇಲೆ ಮೈಯ ರೋಗನಿರೋಧಕ ಶಕ್ತಿ ಎರಗುವುದೇ ಕಾರಣ. ಡಾಕ್ಟರ್‌ಗಳು ಇದನ್ನು ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಎನ್ನುತ್ತಾರೆ. ಜ್ವರ ಹೋಗಿದೆ, ತೂಕ ಏರುತ್ತಿದೆ, ಮಗು ಲವಲವಿಕೆಯಿಂದ ಇದೆ ಎಂದರೆ ಅದೇ ಮಾತ್ರೆ ಮುಂದುವರಿಯಬೇಕು.

ಆದರೆ ಕಣ್ಣುಮುಚ್ಚಿ ಹಾಗೇ ಅಂದುಕೊಳ್ಳುವುದೂ ಸರಿಯಲ್ಲ. ಮೊದಲ ಸ್ಯಾಂಪಲ್‌ನ ಕಲ್ಚರ್ ರಿಪೋರ್ಟ್ ಏನು ಬಂತು? ಔಷಧಿಗೆ ಬಗ್ಗದ ಟಿಬಿಯೇ? ಡೋಸ್ ತಪ್ಪಿದೆಯೇ? ಕೀವು ತುಂಬಿದ್ದರೆ ಸೂಜಿಯಿಂದ ಎಳೆದು ಮತ್ತೆ ಪರೀಕ್ಷೆಗೆ ಕಳಿಸಬಹುದು. ಮೊದಲ ದಿನವೇ ಸಲೈನ್ ಬಾಟಲಿ ಕೇಳಿದ್ದು ಈಗ ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಕೀವು ಇದೆಯಲ್ಲ, ಕುಯ್ದು ತೆಗೆದರೆ ಬೇಗ ಮುಗಿಯಲ್ವಾ?

ಮಾಮೂಲು ಕುರುವಿನಂತೆ ಕುಯ್ದರೆ ಆ ಗಾಯ ಮಾಗದೆ ತಿಂಗಳುಗಟ್ಟಲೆ ಸೋರಬಹುದು, ಅಸಹ್ಯವಾದ ಕಲೆ ಉಳಿಯಬಹುದು. ಟಿಬಿ ಗಂಟಿನ ಕೀವನ್ನು ದಪ್ಪ ಸೂಜಿಯಿಂದ, ಪಕ್ಕದ ಚೆನ್ನಾಗಿರುವ ಚರ್ಮದ ಕಡೆಯಿಂದ ಎಳೆಯುವುದು ವಾಡಿಕೆ. ಟಿಬಿ ವಾಸಿಯಾಗುವುದು ಮಾತ್ರೆಯಿಂದ.

ಇದೇ ಕಾರಣಕ್ಕೆ ಗಂಟಿನ ಮೇಲೆ ಬರೆ ಹಾಕಿಸುವುದು, ಸುಣ್ಣ-ಬೆಲ್ಲದ ಪಟ್ಟು ಹಾಕುವುದು ಬೇಡ. ಚರ್ಮ ಸುಟ್ಟು ಒಡೆದುಕೊಂಡರೆ ಸೋರುವ ಗಾಯ ನೀವೇ ಮಾಡಿಕೊಂಡಂತೆ. ಅಜ್ಜಿಗೆ ಬೇಜಾರಾಗುವುದಾದರೆ ಅರಿಶಿನದ ಹಾಲು ಮಾಡಿಕೊಡಲಿ, ಅದರಿಂದ ನಷ್ಟ ಇಲ್ಲ.

ಶಾಲೆಗೆ ಕಳಿಸಬಹುದಾ? ತಂಗಿಗೆ ಅಂಟುತ್ತಾ?

ಗಂಟಿನಲ್ಲಿ ಮಾತ್ರ ಇರುವ ಟಿಬಿ ಅಂಟುವುದಿಲ್ಲ. ಎಕ್ಸ್‌ರೇ ಸರಿ ಇದ್ದರೆ ಶಾಲೆಗೆ ಧಾರಾಳವಾಗಿ ಕಳಿಸಿ. ತಟ್ಟೆ-ಲೋಟ ಬೇರೆ ಇಡುವುದು, ಬೇರೆ ಮಲಗಿಸುವುದು ಏನೂ ಬೇಡ.

ಅಂಟಿಸಿದವರು ಯಾರು ಎಂದು ಹುಡುಕುವುದು ಮುಖ್ಯ. ಮಗುವಿಗೆ ಟಿಬಿ ಬಂತು ಎಂದರೆ ಹತ್ತಿರದಲ್ಲೇ ಯಾರೋ ದೊಡ್ಡವರು ಕೆಮ್ಮುತ್ತಿದ್ದಾರೆ ಎಂದು ಲೆಕ್ಕ: ಬೀಡಿ ಕೆಮ್ಮು ಎಂದುಕೊಂಡಿರುವ ತಾತ, ಮನೆಗೆಲಸಕ್ಕೆ ಬರುವವರು, ಟ್ಯೂಷನ್ ಮೇಷ್ಟ್ರು, ಯಾರೂ ಇರಬಹುದು. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ಶ್ವಾಸಕೋಶದ ಟಿಬಿ ಇರುವವರು ಸಿಕ್ಕರೆ, ಮನೆಯ ಉಳಿದವರಿಗೆ, ಮುಖ್ಯವಾಗಿ 5 ವರ್ಷದೊಳಗಿನ ಮಕ್ಕಳಿಗೆ, ರೋಗ ಇಲ್ಲ ಎಂದು ನೋಡಿಕೊಂಡು ತಡೆ ಔಷಧಿ ಕೊಡುತ್ತಾರೆ.

ಖಾಸಗಿ ಡಾಕ್ಟರ್ ಹತ್ತಿರ ತೋರಿಸುತ್ತಿದ್ದೇವೆ. ಸರ್ಕಾರಿ ಕಡೆ ಹೆಸರು ಬರೆಸಬೇಕಾ?

ಹೌದು. ಯಾರೇ ಚಿಕಿತ್ಸೆ ಕೊಟ್ಟರೂ ಟಿಬಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಸರ್ಕಾರದ ಟಿಬಿ ನೋಂದಣಿ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ಹೆಸರು ಸೇರಿದರೆ ಸಿಬಿನ್ಯಾಟ್, ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆಂದು ಖಾತೆಗೆ ಹಣವೂ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಹತ್ತಿರದ ಪಿಎಚ್‌ಸಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಉಚಿತ ಸಹಾಯವಾಣಿ 1800-11-6666.

ಪಥ್ಯ ಏನು?

ಯಾವುದೂ ಇಲ್ಲ. ಮೊಟ್ಟೆ, ಬೇಳೆ, ರಾಗಿ, ಮೊಳಕೆ ಕಾಳು, ಮೀನು, ಮಾಂಸ, ಮೊಸರು, ಬಾಳೆಹಣ್ಣು ನಿಮ್ಮ ಮನೆಯ ರೂಢಿಯಂತೆ ಎಲ್ಲ ಕೊಡಿ. ‘ಶೀತ’ ಎಂದು ಮೊಸರು ಬಿಡಿಸಿ, ‘ಉಷ್ಣ’ ಎಂದು ಮೊಟ್ಟೆ ಬಿಡಿಸಿದರೆ ಮಗು ತಿನ್ನುವುದಾದರೂ ಏನನ್ನು?

3 ತಿಂಗಳ ಕೂಸಿಗೆ ಎಡ ಕಂಕುಳಲ್ಲಿ, ಕುತ್ತಿಗೆಯ ಬುಡದಲ್ಲಿ ಗಂಟು ಬಂದಿದೆ. ಟಿಬಿನಾ?

ಮೊದಲು ಬಿಸಿಜಿಯನ್ನು ನೆನೆಯಿರಿ. ಲಸಿಕೆ ಕೊಡುವುದು ಎಡ ತೋಳಿಗೆ, ಅದರ ಬ್ಯಾಕ್ಟೀರಿಯಾ ಹೋಗುವುದು ಎಡ ಕಂಕುಳಿಗೆ, ಕೆಲವೊಮ್ಮೆ ಕಾಲರ್ ಮೂಳೆಯ ಹತ್ತಿರಕ್ಕೆ. ಕೂಸು ಆರೋಗ್ಯವಾಗಿದ್ದು, ಗಂಟು ಮೆತ್ತಗಾಗದಿದ್ದರೆ ಕಾದು ನೋಡುವುದೇ ಚಿಕಿತ್ಸೆ. ಕೀವು ತುಂಬಿದರೆ ಸೂಜಿಯಿಂದ ಎಳೆಯುತ್ತಾರೆ. ಟಿಬಿ ಮಾತ್ರೆ ಬೇಕಿಲ್ಲ.

ಇಲ್ಲೊಂದು ಮೋಸ ಇದೆ. ಬಿಸಿಜಿಯೂ ಟಿಬಿ ಗುಂಪಿನದೇ ಆದ್ದರಿಂದ ಆ ಕೀವಿನ ಸಿಬಿನ್ಯಾಟ್ ಪಾಸಿಟಿವ್ ಬರುತ್ತದೆ. ರಿಪೋರ್ಟ್ ಮಾತ್ರ ನೋಡಿದವರು 6 ತಿಂಗಳ ಮಾತ್ರೆ ಬರೆದುಬಿಡಬಹುದು. ಯಾವ ತೋಳು, ಎಷ್ಟು ತಿಂಗಳ ಕೂಸು ಎಂದು ನೀವೇ ನೆನಪಿಸಿ. ಆದರೆ ಕೂಸಿಗೆ ಜ್ವರ ಬಿಡುತ್ತಿಲ್ಲ, ತೂಕ ಏರುತ್ತಿಲ್ಲ, ಬೇರೆ ಕಡೆಯೂ ಗಂಟುಗಳಿವೆ ಎಂದರೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರಬಹುದು. ಆಗ ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ಮಗ-ಸೊಸೆ ಅಮೆರಿಕದಲ್ಲಿದ್ದಾರೆ. 2 ವರ್ಷದ ಮೊಮ್ಮಗನಿಗೆ ದವಡೆ ಕೆಳಗೆ ಗಂಟು. ಅಲ್ಲಿಯವರು ಟಿಬಿ ಅಲ್ಲ, ಆಪರೇಷನ್ ಎನ್ನುತ್ತಿದ್ದಾರೆ. ಇಲ್ಲಿಗೆ ಕರೆಸಿ ಮಾತ್ರೆ ಕೊಡಿಸೋಣವೇ?

ಬೇಡ. ಟಿಬಿ ಕಡಿಮೆ ಇರುವ ದೇಶಗಳಲ್ಲಿ 1ರಿಂದ 5 ವರ್ಷದ ಮಕ್ಕಳಿಗೆ ಮಣ್ಣು, ನೀರಿನಲ್ಲಿರುವ ಬೇರೆ ಮೈಕೋಬ್ಯಾಕ್ಟೀರಿಯಾದಿಂದ ಗಂಟು ಬರುವುದೇ ಹೆಚ್ಚು. ಅದರಲ್ಲೂ ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪು. ಸಾಮಾನ್ಯವಾಗಿ ಒಂದೇ ಬದಿ, ದವಡೆ ಕೆಳಗೆ ಅಥವಾ ಕಿವಿ ಮುಂದೆ; ನೋವಿಲ್ಲ, ಜ್ವರ ಇಲ್ಲ; ಕೆಲವು ವಾರಕ್ಕೆ ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸ್ವೀಡನ್ 1975ರಲ್ಲಿ ಎಲ್ಲ ಮಕ್ಕಳಿಗೂ ಬಿಸಿಜಿ ಕೊಡುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಇಂಥ ಗಂಟುಗಳು ಜಾಸ್ತಿಯಾದವು. ಅಮೆರಿಕದಲ್ಲೂ ಬಿಸಿಜಿ ಎಲ್ಲರಿಗೂ ಕೊಡುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ 100 ಮಕ್ಕಳ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಗಂಟನ್ನು ಪೂರ್ತಿ ತೆಗೆದವರಲ್ಲಿ 96% ವಾಸಿ, ಎರಡು ಔಷಧಿ 3 ತಿಂಗಳು ಕೊಟ್ಟವರಲ್ಲಿ 66%. ಹಾಗಾಗಿ ಆಪರೇಷನ್ ಎಂದದ್ದು ವಿಚಿತ್ರವೇನಲ್ಲ. ದವಡೆ ಹತ್ತಿರ ಮುಖದ ನರ ಹಾದುಹೋಗುತ್ತದೆ, ಪಳಗಿದ ಕೈಯೇ ಬೇಕು. ಏನೂ ಮಾಡದೆ ಕಾಯುವ ದಾರಿಯೂ ಉಂಟು. ಇಸ್ರೇಲಿನ ಡಾಕ್ಟರ್‌ಗಳು ಹೀಗೆ ಕಾದ ಮಕ್ಕಳಲ್ಲಿ ಹೆಚ್ಚಿನವರಿಗೆ 6 ತಿಂಗಳಲ್ಲಿ, ಉಳಿದವರಿಗೆ ವರ್ಷದೊಳಗೆ ತಾನೇ ವಾಸಿಯಾಯಿತು. ಅಷ್ಟು ದಿನ ಗಂಟು ಸೋರಬಹುದು, ಕಲೆ ಉಳಿಯಬಹುದು.

ಒಂದು ಮಾತನ್ನು ಮಾತ್ರ ಮಗ-ಸೊಸೆ ಅಲ್ಲಿಯ ಡಾಕ್ಟರಿಗೆ ಹೇಳಲೇಬೇಕು: ಮಗು ಊರಿಗೆ ಬಂದು ಎಷ್ಟು ದಿನ ಇತ್ತು, ಇಲ್ಲಿ ಅಥವಾ ಅಲ್ಲಿಗೆ ಬಂದುಹೋದ ನೆಂಟರಲ್ಲಿ ಯಾರಿಗಾದರೂ ಟಿಬಿ ಇತ್ತೇ. ಅದು ಗೊತ್ತಾದರೆ ಟಿಬಿಯನ್ನೂ ಸರಿಯಾಗಿ ಹುಡುಕುತ್ತಾರೆ.

6 ತಿಂಗಳು ಮುಗಿಯಿತು. ಗಂಟು ಪೂರ್ತಿ ಹೋಗಿಲ್ಲ. ಇನ್ನೂ ಮಾತ್ರೆ ಕೊಡಬೇಕಾ?

ಸಣ್ಣದಾಗಿ, ಗಟ್ಟಿಯಾಗಿ, ನೋವಿಲ್ಲದೆ ಉಳಿದ ಗಂಟು ಒಣಗಿದ ಕಲೆ ಅಷ್ಟೇ. 1 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಬೆಳೆಯದಿದ್ದರೆ ಮಾತ್ರೆ ಮುಂದುವರಿಸುವ ಅಗತ್ಯ ಇಲ್ಲ. ದೊಡ್ಡದಾಗಿಯೇ ಉಳಿದಿದ್ದರೆ ಅಥವಾ ಮತ್ತೆ ಬೆಳೆಯುತ್ತಿದ್ದರೆ ‘ಇನ್ನೂ 3 ತಿಂಗಳು ಕೊಡಿ’ ಎನ್ನುವ ಮೊದಲು ಮತ್ತೆ ಸೂಜಿ ಪರೀಕ್ಷೆ, ಮತ್ತೆ ಕಲ್ಚರ್ ಆಗಬೇಕು. ಎರಡು ವರ್ಷದವರೆಗೆ 6 ತಿಂಗಳಿಗೊಮ್ಮೆ ತೋರಿಸಿ. ಹಳೆಯ ರಿಪೋರ್ಟ್‌ಗಳನ್ನು, ಮುಖ್ಯವಾಗಿ ಸಿಬಿನ್ಯಾಟ್ ಮತ್ತು ಕಲ್ಚರ್ ಹಾಳೆಗಳನ್ನು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿಡಿ. ಮೊಬೈಲಿನಲ್ಲಿ ಫೋಟೋನೂ ತೆಗೆದಿಟ್ಟುಕೊಳ್ಳಿ.